ಹಿಂದಿನ ಬೆಂಚಿನ ದನಿ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳೇ, ದೇವರನ್ನು ನಂಬು, ಕಂತೆಪುರಾಣಗಳನ್ನಲ್ಲ ಎನ್ನುತ್ತಿದ್ದರು. ಯಾರಾದರೂ ದನಿ ಕೇಳಿಸಿತು, ಬೆಳಕು ಕಂಡಿತು ಎಂದರೆ ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ಇದನ್ನೋದಿ ನೀವೂ ಹಾಗೆ ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಒಬ್ಬಳೇ ಮಗಳು ಹುಣಸೂರಿನಲ್ಲಿ ಡಿಗ್ರಿ ಮುಗಿಸಿದವಳು, ತಾನು ಸಿಸ್ಟರ್ ಆಗುತ್ತೇನೆ, ದೇವರು ಕರೆದಿದ್ದಾನೆ ಎಂದಳು. ಅವಳಪ್ಪ ಒಂದಷ್ಟು ದಿನ ಸರಿಯಾಗಿ ಊಟ ಮಾಡಲಿಲ್ಲ, ಆಮೇಲೆ ಒಪ್ಪಿದರು. ನಾನು ಒಪ್ಪಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ನೀನು ಮನಸಾರೆ ಹೂಂ ಅನ್ನೋ ತನಕ ನಾನು ಹೊರಡಲ್ಲಮ್ಮ," ಎಂದು ಮಗಳು ಕಾಯುತ್ತ ಕೂತಳು. ನನಗೆ ನಿದ್ದೆ ದೂರವಾಯಿತು. ಅವಳ ಒಗೆದ ಚೂಡಿದಾರ ಮಡಿಸುವಾಗ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಸಂಜೆ ಮನೆಯಲ್ಲಿ ಜಪಮಾಲೆ ಹೇಳುವುದು ನಮ್ಮ ರೂಢಿ. ಪ್ರತಿ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ. ಅದು ಮುಗಿದ ಮೇಲೆ ಉಳಿದವರು ಎರಡನೆಯ ಅರ್ಧ ಹೇಳಬೇಕು. ನಮ್ಮಲ್ಲಿ ಮೊದಲರ್ಧ ಯಾವಾಗಲೂ ಯಜಮಾನರದು. ಪರಲೋಕ ಮಂತ್ರದ 'ನಿಮ್ಮ ಚಿತ್ತವು ನೆರವೇರಲಿ', ಅಂದರೆ ದೇವರ ಇಷ್ಟದಂತೆಯೇ ಆಗಲಿ, ಎಂಬ ಮಾತು ಬರುವುದು ಅದರಲ್ಲೇ. ಹಾಗಾಗಿ ನಾನು ಅದನ್ನು ಹೇಳಬೇಕಾಗಿರಲಿಲ್ಲ. ಚರ್ಚಿನ ಭಾನುವಾರದ ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ, ಆ ಮಾತು ಬರುವ ಹೊತ್ತಿಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಹ್ಯಾಂಡ್‌ಪೋಸ್ಟ್ ಪೇಟೆಯಲ್ಲಿ ಸೇವಂತಿಗೆ ಕೊಂಡು, ಬಲಿಪೀಠಕ್ಕೆ ಜೋಡಿಸಲು ನಮ್ಮ ಸಣ್ಣ ಚರ್ಚಿಗೆ ಹೋದೆ. ಕಸ ಗುಡಿಸಿ ಹೊರಟಿದ್ದ ಲೂಸಿಯಮ್ಮ ಬಾಗಿಲಲ್ಲಿ ಸಿಕ್ಕರು.

"ಒಳಗ್ನಿಂದ ಚಿಲ್ಕ ಆಕ್ಕೊಳವ್ವ, ಕೋತಿ ಕಾಟ. ಓದ್ ವಾರ ಒಂದು ಫಾದರ್ ಕುರ್ಚಿ ಮ್ಯಾಲೇ ಕುಂತಿತ್ತು ಕಣವ್ವ. ಪರ್ಸಂಗ ಮಾಡದೊಂದು ಬಾಕಿ."

ನಗುತ್ತಲೇ ಚಿಲಕ ಹಾಕಿದೆ. ಹೂ ಜೋಡಿಸಿ ಮುಂದಿನ ಬೆಂಚಿನಲ್ಲಿ ಮೊಣಕಾಲೂರಿ ಜಪಮಾಲೆ ಹಿಡಿದೆ. ಆ ಮಾತನ್ನು ತಪ್ಪಿಸಲೆಂದೇ ಪರಲೋಕ ಮಂತ್ರ ಬಿಟ್ಟು, ನೇರ ಮಾತೆಯ ಜಪವಾದ 'ನಮೋ ಮರಿಯ'ದಿಂದ ಶುರುಮಾಡಿದೆ. ಮೊದಲರ್ಧ ಮುಗಿಯುತ್ತಲೇ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎರಡನೆಯ ಅರ್ಧ ಹೇಳಿದರು. ಸ್ವಲ್ಪ ನೆಗಡಿಯಾದ, ತೀರ ಸಾಧಾರಣ ದನಿ. ಯಾರೋ ಬಂದಿದ್ದಾರೆ ಎಂದುಕೊಂಡೆ. ಜಪದ ನಡುವೆ ತಿರುಗಿ ನೋಡಿದರೆ ಶಾಲೆಯಲ್ಲಿ ನಮ್ಮ ಸಿಸ್ಟರುಗಳು ಗದರುತ್ತಿದ್ದರು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಚಿಲಕದ ನೆನಪು ಬರಲೇ ಇಲ್ಲ. ಅವರೂ ನಾನೂ ಒಂದೊಂದೇ ಮಣಿ ಜರುಗಿಸಿದೆವು.

ಹತ್ತು ಮಣಿ ಮುಗಿದು ದೊಡ್ಡ ಮಣಿ ಬೆರಳಿಗೆ ಸಿಕ್ಕಿತು. ಆ ಮಣಿಗೆ ಪರಲೋಕ ಮಂತ್ರ ಹೇಳದೆ ವಿಧಿಯಿರಲಿಲ್ಲ. 'ನಿಮ್ಮ ರಾಜ್ಯವು ಬರಲಿ' ಎಂಬಲ್ಲಿಗೆ, ಆ ಮಾತಿಗೆ ಮುಂಚೆಯೇ, ನಿಲ್ಲಿಸಿದೆ. ಉಳಿದದ್ದನ್ನು ಅವರು ಹೇಳಿಕೊಳ್ಳಲಿ ಎಂದಿದ್ದೆ. ಅವರು ಹೇಳಲಿಲ್ಲ. ಕೆಮ್ಮಲಿಲ್ಲ, ಅವಸರಿಸಲಿಲ್ಲ. ಹೊರಗೆ ಕಾಕನಕೋಟೆ ಕಡೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಆ ಕಾಯುವಿಕೆಯಲ್ಲಿ ಬಲವಂತವಿರಲಿಲ್ಲ. ನನ್ನ ಮಗಳೂ ಮನೆಯಲ್ಲಿ ಹೀಗೇ ಕಾಯುತ್ತಿದ್ದಾಳಲ್ಲವೇ ಎನ್ನಿಸಿತು. ಅವಳನ್ನೇ ಮನಸ್ಸಿನಲ್ಲಿಟ್ಟುಕೊಂಡು, ಆ ಮಾತನ್ನು ಬಾಯಿಬಿಟ್ಟು ಹೇಳಿದೆ.

ಹಿಂದೆ ಒಂದು ಉಸಿರು ಎಳೆದ ಸದ್ದು. ಆಮೇಲೆ ಅದೇ ನೆಗಡಿಯ ದನಿ, 'ನಮ್ಮ ಅನುದಿನದ ಆಹಾರವನ್ನು...' ಎಂದು ಶುರುಮಾಡಿತು. ತಿಂಗಳುಗಳಿಂದ ಬಿಗಿದಿದ್ದ ನನ್ನ ಹೆಗಲು ತಾನಾಗಿ ಇಳಿಯಿತು.

ಜಪ ಮುಗಿಸಿ, ಅವರನ್ನು ಮಾತಾಡಿಸೋಣವೆಂದು ತಿರುಗಿದೆ. ಯಾರೂ ಇರಲಿಲ್ಲ. ಇದ್ದ ಒಂದೇ ಬಾಗಿಲಿನ ಚಿಲಕ ಹಾಕಿದಂತೆಯೇ ಇತ್ತು. ಕಿಟಕಿಗಳಿಗೆಲ್ಲ ಕೋತಿ ಬಾರದಂತೆ ಹಾಕಿಸಿದ ಜಾಲರಿ. ನನಗೆ ಹೆದರಿಕೆಯಾಗಲಿಲ್ಲ. ಅದೂ ಒಂದು ವಿಚಿತ್ರವೇ.

ಮನೆಗೆ ಬಂದು ಮಗಳಿಗೆ, "ಹೋಗಿ ಬಾ ಮಗಳೇ," ಎಂದೆ. ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಆ ಸಂಜೆಯೇ ಮಲಗಿದ ನಾನು ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದಾಗಲೇ ಎದ್ದದ್ದು.

ಪೂಜೆ ಮುಗಿದ ಮೇಲೆ ಲೂಸಿಯಮ್ಮನನ್ನು, ಆ ದನಿ ನಿಮ್ಮದೇನಾ ಎಂದು ಕೇಳಿದೆ. "ನಾನು ಗದ್ದೇಲಿದ್ದೆ ಕಣವ್ವ. ನಂಗೆ ನೆಗ್ಡಿನೂ ಇಲ್ಲ, ಏನೂ ಇಲ್ಲ," ಎಂದರು. ಯಜಮಾನರಂತೂ, "ದೇವದೂತ್ರಿಗೂ ನೆಗ್ಡಿ ಬತ್ತದೇನೇ?" ಎಂದು ನಕ್ಕರು.

ಈಗ ಮನೆಯಲ್ಲಿ ಮೊದಲರ್ಧ ಹೇಳುವವಳು ನಾನು, ಕೇಳಿ ಪಡೆದುಕೊಂಡೆ. ಆ ಮಾತು ಹೇಳಿದ ಮೇಲೆ ಒಂದು ಕ್ಷಣ ಕಾಯುತ್ತೇನೆ. ಹಿಂದೆ ಕೂತ ಯಜಮಾನರು ಉಸಿರು ಎಳೆದುಕೊಂಡು ಎರಡನೆಯ ಅರ್ಧ ಹೇಳುತ್ತಾರೆ. ಅವರದೇ ದನಿ ಎಂದು ಗೊತ್ತಿದ್ದರೂ ನಾನು ತಿರುಗಿ ನೋಡುವುದಿಲ್ಲ.