ಹೆಸರು ಬದಲಿಸಿದೆ, ಕೈ ಬದಲಿಸಲಿಲ್ಲ

ಏಳು ವರ್ಷದ ಹಿಂದೆ, ಶ್ರಾವಣದ ಎರಡನೆಯ ಮಂಗಳವಾರ, ಉದ್ಯಮಬಾಗ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ ಕಾರ್ಖಾನೆಯಿಂದ ಖಾನಾಪುರದ ಮಲ್ಲವ್ವ ಅವರನ್ನು ತೆಗೆದುಹಾಕಿದರು. ಕಾರಣ ಪತ್ರಿಕೆಯಲ್ಲಿ ಬಂದ ನನ್ನ ವರದಿಯ ಒಂದು ವಾಕ್ಯ. ಅದನ್ನು ಅವರಿಂದ ಮುಚ್ಚಿಟ್ಟೆ. ತಪ್ಪು ಇನ್ನೊಬ್ಬರ ತಲೆಗೆ ಹೋಗುವುದನ್ನು ನೋಡುತ್ತ ಸುಮ್ಮನಿದ್ದೆ.

ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಪಾಳಿಯಲ್ಲಿ ಎರಡೇ ಸಲ ಶೌಚಾಲಯಕ್ಕೆ ಬಿಡುತ್ತಿದ್ದರು. ಅದನ್ನು ನನಗೆ ಹೇಳಿದವರು ಮಲ್ಲವ್ವ. ರಜೆಯ ದಿನ, ಅವರ ಮನೆಯಲ್ಲಿ. ಮಾತಾಡುತ್ತಲೇ ಒಂದು ರವಿಕೆಯ ದಾರ ಕತ್ತರಿಸುತ್ತಿದ್ದರು.

"ಹೆಸರ ಹಾಕಬ್ಯಾಡ್ರಿ ಸರ. ಹಾಕಿದ್ರ ನಾಳಿಂದ ನನ್ನ ಮನ್ಯಾಗ ಕುಂದರಸ್ತಾರ."

ಹೆಸರು ಬದಲಿಸಿದೆ. ಊರನ್ನೂ ಬದಲಿಸಿದೆ. ಆದರೆ 'ಎಡಗೈಯಲ್ಲಿ ಕತ್ತರಿ ಹಿಡಿಯುವ, ಅಂಗಿಗೆ ಕಾಲರ್ ಕೂರಿಸುವ ಹೆಂಗಸು' ಎಂದು ಬರೆದೆ — ಕಣ್ಣಾರೆ ಕಂಡದ್ದು ವರದಿಯಲ್ಲಿ ಇರಬೇಕೆಂಬ ಅಭ್ಯಾಸ. ಗಾರ್ಮೆಂಟಿನ ಬ್ಯಾಚಿನಲ್ಲಿ, ಅಂದರೆ ಹೊಲಿಗೆಯ ಒಂದು ಸಾಲಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ: ಒಬ್ಬರು ತೋಳು, ಒಬ್ಬರು ಜೇಬು. ಕಾಲರ್ ಕೂರಿಸುವವರಲ್ಲಿ ಎಡಚರು ಒಬ್ಬರೇ ಇದ್ದರು. ಇದು ನನಗೆ ಗೊತ್ತಿರಲಿಲ್ಲ — ಕೇಳಬಹುದಿತ್ತು.

ಕೆಲಸ ಹೋದ ಸಂಜೆ ಅವರು ಫೋನ್ ಮಾಡಿದರು. ಮನೆಮಾತು ಕನ್ನಡವಾದರೂ ಅವರು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಓದಲು ಬರುತ್ತಿರಲಿಲ್ಲ. "ಏನ ಬರದೀರಿ, ಓದಿ ಹೇಳ್ರಿ" ಎಂದರು. ಪತ್ರಿಕೆ ಎದುರಿಗಿತ್ತು. ಆ ವಾಕ್ಯ ಕಣ್ಣಿಗೆ ಬಿತ್ತು — ಆಗಲೇ ಎಲ್ಲ ಅರ್ಥವಾಯಿತು. ವರದಿಯನ್ನು ಪೂರ್ತಿ ಓದಿದೆ. ಆ ಒಂದು ವಾಕ್ಯ ಬಿಟ್ಟು.

"ಇದ್ರಾಗ ನನ್ನ ಗುರ್ತ ಏನೂ ಇಲ್ಲಲ್ರಿ."

"ಇಲ್ಲ" ಎಂದೆ.

"ಹಂಗಾರ ಶೋಭಾನ ಹೇಳ್ಯಾಳ. ಆಕಿಗಷ್ಟ ಗೊತ್ತಿತ್ತು."

ಶೋಭಾ ಎಂದರೆ ಮಲ್ಲವ್ವನ ಪಕ್ಕದ ಮನೆಯವರು. ಅದೇ ಕಾರ್ಖಾನೆಯಲ್ಲಿದ್ದು ಅವರಿಗೆ ಆ ಕೆಲಸ ಕೊಡಿಸಿದವರು. ಬೆಳಗಿನ ಬಸ್ಸಿನಲ್ಲಿ ಇಬ್ಬರದೂ ಒಂದೇ ಸೀಟು. ಅಲ್ಲ ಎನ್ನಲು ನನಗೆ ಒಂದು ಕ್ಷಣ ಸಿಕ್ಕಿತ್ತು — ಎನ್ನಲಿಲ್ಲ.

ಮೂರು ತಿಂಗಳ ಮೇಲೆ ಶೋಭಾ ನಮ್ಮ ಕಚೇರಿಗೆ ಬಂದರು. "ನಾ ಯಾರಿಗೂ ಹೇಳಿಲ್ಲಂತ ಆಕಿಗೆ ಒಂದ್ ಮಾತ ಹೇಳ್ರಿ ಸರ. ನಿಮ್ಮ ಮಾತ ಆದ್ರ ನಂಬ್ತಾಳ."

ಸುದ್ದಿಯ ಮೂಲದ ಬಗ್ಗೆ ನಾವು ಮಾತಾಡುವಂತಿಲ್ಲ ಎಂದೆ. ನಿಯಮ ಖರೆ, ಅದರ ಹಿಂದೆ ಅಡಗಿದವನು ನಾನು.

"ನಿಮ್ಮ ಮೂಲ ನನ್ನ ಬಾಜೂ ಮನ್ಯಾಗ ಐತ್ರಿ" ಎಂದು ಶೋಭಾ ನಕ್ಕರು. "ನನ್ನ ಕಂಡಕೂಡ್ಲೆ ಬಾಗಲಾ ಹಾಕ್ಕೊಂತೈತಿ."

ಹೋದ ತಿಂಗಳು ಖಾನಾಪುರಕ್ಕೆ ಹೋಗಿ ಮಲ್ಲವ್ವನಿಗೆ ಎಲ್ಲ ಹೇಳಿದೆ. ಬಿಟ್ಟ ವಾಕ್ಯವನ್ನೂ ಓದಿದೆ. ಅವರು ಬೈಯಲಿಲ್ಲ. "ಶೋಭಾನ ಮಗಳ ಲಗ್ನಕ್ಕ ನಾ ಹೋಗ್ಲಿಲ್ರಿ. ಬಾಜೂ ಮನಿ. ಕಿಡಕಿ ಮುಚ್ಚಿ ಒಳಗ ಕುಂತಿದ್ದೆ" ಎಂದರು. ಕ್ಷಮಿಸಿ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಶೋಭಾ ಈಗ ಮಗಳ ಜೊತೆ ಗೋವಾದಲ್ಲಿದ್ದಾರೆ. ಅವರ ನಂಬರ್ ಹುಡುಕಿ ಫೋನ್ ಮಾಡಿದೆ. ನನ್ನ ಹೆಸರು ಕೇಳಿದ ಮೇಲೆ ಕರೆ ಕಡಿತವಾಯಿತು. ಮತ್ತೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ನಂಬರನ್ನು ಮಲ್ಲವ್ವನಿಗೆ ಕೊಟ್ಟಿದ್ದೇನೆ. ನಿನ್ನೆ ಸಂಜೆಯವರೆಗೆ ಅವರು ಶೋಭಾಗೆ ಕರೆ ಮಾಡಿಲ್ಲ.