ಆ ಕಾಗದ ಎಲ್ಲಿಗೆ ಹೋಗುತ್ತದೆ

ಜೀವಮಾನವಿಡೀ ಸಂಶೋಧನಾ ವಿಧಾನಗಳ ಪಾಠ ಹೇಳಿದ ನಾನು ಆ ವಿದ್ಯೆ ಕಲಿತದ್ದು ಒಂದು ಒಲೆಯ ಮುಂದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನನ್ನ ವಿದ್ಯಾರ್ಥಿಗಳೂ ನಕ್ಕಿದ್ದಾರೆ.

ನಿಜಾಮಶಾಹಿ ಮುಗಿದು ಒಂದೆರಡು ವರ್ಷವಾಗಿತ್ತು. ಎಂ.ಎ. ಪ್ರಬಂಧಕ್ಕೆಂದು ಗುರುಗಳು ನನ್ನನ್ನು ಶಹಾಪುರದ ಹತ್ತಿರದ ಗೋಗಿಗೆ ಅಟ್ಟಿದರು. ಬಗಲಲ್ಲಿ ಪ್ರಶ್ನಾವಳಿ, ಕಿವಿಯ ಮೇಲೆ ಪೆನ್ಸಿಲ್, ತಲೆಯ ತುಂಬ ಹೊಸದಾಗಿ ಕಲಿತ ಮಾದರಿ, ಸರಾಸರಿ, ವಸ್ತುನಿಷ್ಠತೆ. ನಾಲ್ಕು ದಿನ ಓಣಿ ಓಣಿ ಅಲೆದು ಕೋಷ್ಟಕ ಹಾಕಿದರೆ ಪ್ರತಿ ಮನೆಯಲ್ಲೂ ಹದಿನೈದು, ಹದಿನಾರು ಜನ. ಬೆಳೆಯುವ ಜೋಳ ಮಾತ್ರ ಒಂದು ಹಿಡಿ. ಈ ಊರು ಗಾಳಿ ಕುಡಿದು ಬದುಕುತ್ತಿದೆ ಎಂಬ ಸಿದ್ಧಾಂತದ ತೀರಾ ಹತ್ತಿರ ನಾನು ಬಂದಿದ್ದೆ.

ಐದನೆಯ ದಿನ, ಕುರಿ ಸಾಕುವ ಮಲ್ಲವ್ವನ ಮನೆ. ಹದಿನಾರು ಮಂದಿ ಎಂದು ಬರೆಸಿದ ಆಕೆ, ಹಸಿದಿದ್ದೀಯ ಎಂದು ನನ್ನನ್ನು ಅಲ್ಲೇ ಕೂಡಿಸಿ ರೊಟ್ಟಿ ಬಡಿಯತೊಡಗಿದಳು. ನಾನು ಎಣಿಸಿದೆ. ಹತ್ತಕ್ಕೆ ಹಿಟ್ಟು ಮುಗಿಯಿತು. ಪ್ರತ್ಯಕ್ಷ ಅವಲೋಕನ ಎಂದರೆ ಇದೇ ಎಂದು ಹಿಗ್ಗಿ, ಹದಿನಾರು ಮಂದಿಗೆ ಹತ್ತೇ ರೊಟ್ಟಿ ಸಾಕೇ ಎಂದು ಕೇಳಿಬಿಟ್ಟೆ. ಅದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಆಕೆಯ ಮುಖ ಇಳಿದುಹೋಯಿತು. ಹಿಂದಿನ ವರ್ಷ ಹೀಗೇ ಕಾಗದ ಹಿಡಿದು ಬಂದ ಸರ್ಕಾರದವರು ಮನೆಯ ಬಾಯಿಗಳನ್ನು ಎಣಿಸಿ, ಬಾಯಿಗಿಷ್ಟು ಎಂದು ಜೋಳ ಬಿಟ್ಟು, ಉಳಿದದ್ದನ್ನು ಲೆವಿ ಎಂದು ಬಂಡಿಗೆ ಹೇರಿಕೊಂಡು ಹೋಗಿದ್ದರಂತೆ. ನಾನು ಬರೆಯುವ ಒಂದು ಅಂಕಿಯ ಮೇಲೆ ಆ ಮನೆಯ ವರ್ಷದ ಊಟ ನಿಂತಿತ್ತು. ನನಗೆ ನಾಚಿಕೆಯಾಯಿತು.

"ಖರೇ ಹೇಳ್ತೀನಿ ತಮ್ಮಾ. ಮೊದ್ಲ ನೀ ಹೇಳು, ಆ ಕಾಗದ ಎಲ್ಲಿಗಿ ಹೋಗ್ತದ?"

ನನ್ನ ನಲವತ್ತು ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ. ನಮ್ಮ ಗುರುಗಳ ಮೇಜಿಗೆ ಎಂದೆ. ಅಲ್ಲಿಂದ ಎಲ್ಲಿಗೆ ಎಂದಳು. ಗೊತ್ತಿಲ್ಲ ಎಂದು ಒಪ್ಪಿಕೊಂಡು, ಹಾಳೆಯ ತಲೆಯಲ್ಲಿದ್ದ ಹೆಸರಿನ ಚೂರನ್ನು ಅವಳೆದುರೇ ಹರಿದು ಒಲೆಗೆ ಹಾಕಿದೆ. ಅದು ಪೂರಾ ಉರಿಯುವವರೆಗೆ ನೋಡಿ, ಆಕೆ ನನ್ನ ಗಂಗಾಳಕ್ಕೆ ಬಿಸಿ ರೊಟ್ಟಿ ಹಾಕಿದಳು.

"ಐದು ಮಂದಿ ಅದೀವಿ. ಸೊಸಿ ಬಸರು ಅದಾಳ, ಆರು ಅಂತ ಬರಿ."

ಮರುದಿನ ಹಳೆಯ ಹಾಳೆಗಳ ಹೆಸರುಗಳನ್ನೆಲ್ಲ ಆಯಾ ಮನೆಯ ಒಲೆಗೇ ಒಪ್ಪಿಸುತ್ತ ಊರು ಸುತ್ತಿದೆ. ನನಗಿಂತ ಮುಂಚೆ ಮಲ್ಲವ್ವ ಸುದ್ದಿ ಮುಟ್ಟಿಸಿದ್ದಳು. ಮನೆಗಳು ಸಣ್ಣವಾದವು, ಜೋಳ ಹೆಚ್ಚಿತು, ನನ್ನ ಸರಾಸರಿಗೆ ಜೀವ ಬಂತು. ನನ್ನ ಪದವಿ, ಆಮೇಲಿನ ನೌಕರಿ, ಅಷ್ಟಿಷ್ಟು ಮರ್ಯಾದೆ ಎಲ್ಲವೂ ಆಕೆ ನನ್ನನ್ನು ನಂಬಿದ್ದರಿಂದ ಬಂದದ್ದು. ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಕಾಗದ ಎಲ್ಲಿಗೆ ಹೋಗುತ್ತದೆಂದು ಅವತ್ತು ನನಗೆ ತಿಳಿದಿರಲಿಲ್ಲ. ನೋಡಿ, ಇಷ್ಟು ವರ್ಷಗಳ ಮೇಲೆ ಅದು ನಿಮ್ಮ ಕೈಗೆ ಬಂದಿದೆ. ಅದಕ್ಕೇ ಹೇಳಿಬಿಡುತ್ತೇನೆ, ಆಕೆಯ ಹೆಸರು ಮಲ್ಲವ್ವ ಅಲ್ಲ.