ಹೊನ್ನವ್ವನನ್ನು ಸಾಯಗೊಡದವರು

ಪ್ರಶ್ನೆ ಕೇಳಿಸಿಕೊಳ್ಳುವಾಗ ಆ ಕಾದಂಬರಿಕಾರರ ಎಡಗಿವಿ ಅಲ್ಲಾಡುತ್ತಿತ್ತು. ಎತ್ತು ನೊಣ ಓಡಿಸಲು ಕಿವಿ ಆಡಿಸುತ್ತದಲ್ಲ, ಹಾಗೆ ಒಮ್ಮೆ ಹಿಂದಕ್ಕೆ ಸರಿದು ಸ್ವಸ್ಥಾನಕ್ಕೆ ಬರುತ್ತಿತ್ತು. ಮುಖದ ಉಳಿದ ಭಾಗದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ಸಿಂಧನೂರಿನ ಓದುಗರು ಇದಕ್ಕೊಂದು ಅರ್ಥ ಕಟ್ಟಿದ್ದರು. ಕಿವಿ ಅಲ್ಲಾಡಿದರೆ ಮುಂದೆ ಬರುವ ಉತ್ತರ ಕಾದಂಬರಿ, ಅಲ್ಲಾಡದಿದ್ದರೆ ನಿಜ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಇಂಥದ್ದನ್ನೆಲ್ಲ ನಂಬಬಾರದು. ಆದರೂ ಸಭೆಗೆ ಬೇಗ ಹೋಗಿ ಅವರ ಎಡಕ್ಕೆ ಕುರ್ಚಿ ಹಿಡಿಯುತ್ತಿದ್ದೆ.

ಎಡಗಿವಿ ಎಂದು ಬರೆದೆ. ಆ ದಿನಗಳ ನನ್ನ ದಿನಚರಿಯಲ್ಲಿ ‘ಕಿವಿ’ ಎಂದಷ್ಟೇ ಇದೆ. ಎಡ ಎನ್ನುವುದನ್ನು ಕುರ್ಚಿ ಎಲ್ಲಿತ್ತು ಎಂಬ ನೆನಪಿನಿಂದ ಊಹಿಸಿದ್ದೇನೆ. ಅವರ ಬಗ್ಗೆ ಬರೆಯುವಾಗ ಇಷ್ಟನ್ನಾದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರು ಐತಿಹಾಸಿಕ ಕಾದಂಬರಿಕಾರರು. ಲಿಂಗಸುಗೂರಿನಲ್ಲಿ ಮನೆ. ಸರ್ವೇ ಇಲಾಖೆಯಲ್ಲಿ ಹೊಲ ಅಳೆಯುತ್ತ ಊರೂರು ತಿರುಗಿ, ನಿವೃತ್ತರಾಗುವ ಹೊತ್ತಿಗೆ ಮುದಗಲ್ ಕೋಟೆಯ ಸುತ್ತ ಹಲವು ಕಾದಂಬರಿಗಳನ್ನು ಬರೆದಿದ್ದರು. ಭಾಷಣಕ್ಕೆ ಕರೆದರೆ ಬರುತ್ತಿರಲಿಲ್ಲ. ಓದುಗರು ಪ್ರಶ್ನೆ ಕೇಳುವುದಾದರೆ ಬಸ್ಸು ಹತ್ತಿ ಬರುತ್ತಿದ್ದರು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯ ಮಹಡಿ, ಮಸ್ಕಿಯಲ್ಲಿ ಶಾಲೆಯ ಒಂದು ಕೋಣೆ, ಲಿಂಗಸುಗೂರಿನಲ್ಲಿ ಗ್ರಂಥಾಲಯ, ಎಲ್ಲಿಯಾದರೂ ಸರಿ. ಹಾರ ಬೇಡ, ಶಾಲು ಬೇಡ. ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿ, ಕೂತು, “ಹೂಂ, ಕೇಳ್ರಿ” ಎನ್ನುತ್ತಿದ್ದರು.

ಒಮ್ಮೆ ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಪದವಿ ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. “ಸರ, ನಿಮ್ಮ ಕಾದಂಬರ್ಯಾಗ ಕೋಟಿ ಕಾಯೋ ಸಿಪಾಯಿ ರೊಟ್ಟಿ ಸಂಗಾಟ ಮೆಣಸಿನಕಾಯಿ ಕಡೀತಾನ. ಆ ಕಾಲದಾಗ ಮೆಣಸಿನಕಾಯಿ ಇತ್ತೇನ್ರಿ?”

ಕಿವಿ ಅಲ್ಲಾಡಿತು. “ಇದ್ದಿಲ್ಲ ತಮ್ಮಾ. ಆಗಿನ್ನೂ ಅದು ಈ ದೇಶಕ್ಕ ಬಂದಿದ್ದಿಲ್ಲ. ಆದ್ರ ನಮ್ಮ ಕಡೀ ಮನಿಶ್ಯಾ ಖಾರ ಇಲ್ಲದ ಉಂಡು ಯುದ್ಧಕ್ಕ ಹೋದ ಅಂತ ಬರದ್ರ ನೀ ನಂಬ್ತಿದ್ದೇನು?”

ಮಹಡಿಯೆಲ್ಲ ನಕ್ಕಿತು. ಹುಡುಗನೂ ನಕ್ಕು ಕೂತ. ನಾನು ನಗಲಿಲ್ಲ. ನಗೆಯಾದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು ಅನಿಸಿತ್ತು. ಹಾಗಾಗಿ ಎದ್ದು ಕೇಳಿದೆ: “ತಪ್ಪು ಅಂತ ಗೊತ್ತಿದ್ದೂ ಬರದ್ರೇನು, ಇಲ್ಲಾ ಬರದ ಮ್ಯಾಲೆ ಗೊತ್ತಾತೇನ್ರಿ?”

ಅವರು ನನ್ನತ್ತ ತಿರುಗಿದರು. “ಎರಡೂ ಅಲ್ಲ. ನೀ ಕೇಳಿದ ಮ್ಯಾಲೆ ಗೊತ್ತಾತು ಅಂತ ಇಟ್ಟುಕೋ. ಬಾಳ ಗುಮಾನಿ ನಿಂದು.” ಅಂದಿನಿಂದ ನಾನು ‘ಗುಮಾನಿ ತಂಗಿ’. ದೂರದಿಂದ ನೋಡಿದರೂ “ಬಂದ್ಲು ನಮ್ಮ ಗುಮಾನಿ ತಂಗಿ, ಇನ್ನ ಸುಳ್ಳು ಬಂದ್” ಎನ್ನುತ್ತಿದ್ದರು.

ನನ್ನ ಗುಮಾನಿಯ ಬೇರು ಮೆಣಸಿನಕಾಯಿಯಲ್ಲಿ ಇರಲಿಲ್ಲ. ಅದು ಹೊನ್ನವ್ವನಲ್ಲಿತ್ತು.

ಅವರ ಎಲ್ಲ ಕಾದಂಬರಿಗಳಲ್ಲಿ ಜನ ಹೆಚ್ಚು ಓದಿದ್ದು ಹೊನ್ನವ್ವನದು. ಮುತ್ತಿಗೆಯ ಕಾಲ. ಕೋಟೆಯ ಬಾವಿಯ ನೀರು ಸೈನಿಕರಿಗೆ ಮಾತ್ರ ಎಂದು ಅಪ್ಪಣೆಯಾಗುತ್ತದೆ. ಹೊನ್ನವ್ವ ಹಗ್ಗಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಸಪ್ಪಳವಾಗದಂತೆ ನೀರು ಸೇದಿ, ಬಾಯಾರಿದ ಮನೆಗಳಿಗೆ ಹಂಚುತ್ತಾಳೆ. ಕಾವಲಿನವರಿಗೆ ತಿಳಿಯುತ್ತದೆ. ಬಾಣಗಳು ಹಾರುತ್ತವೆ. ಆದರೆ ಆಕೆ ಸಾಯುವುದಿಲ್ಲ. ಗೋಡೆ ಇಳಿದು, ಬುರುಡೆಯನ್ನು ಬಗಲಲ್ಲಿ ಹಿಡಿದು, ಮಸ್ಕಿಯ ದಾರಿ ಹಿಡಿಯುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಈ ಕಥೆಯನ್ನು ನಾನು ಪುಸ್ತಕ ಓದುವ ಮೊದಲೇ ಬಲ್ಲೆ. ನನ್ನ ತಾಯಿಯ ತಾಯಿ ಮುದಗಲ್ಲಿನವಳು. ಸಣ್ಣವಳಿದ್ದಾಗ ರಜೆಗೆ ಹೋದರೆ ನನ್ನ ತಲೆ ಬಾಚುತ್ತ ಹೇಳುತ್ತಿದ್ದಳು: “ಸಾಯ್ಲಿಲ್ಲವ್ವ ಆಕಿ, ಮಸ್ಕಿ ದಾರಿ ಹಿಡದ್ಲು. ನೀನೂ ಮಸ್ಕಿಯಾಕಿ ಅಲ್ಲೇನು?” ಅಜ್ಜಿ ಹೋಗಿ ಬಹಳ ವರ್ಷಗಳಾದವು. ಆಕೆಯದೊಂದು ಫೋಟೊ ಇಲ್ಲ, ದನಿಯ ಮುದ್ರಣವಿಲ್ಲ. ನನ್ನಲ್ಲಿ ಉಳಿದದ್ದು ಆ ಕಥೆಯೊಂದೇ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆಕೆ ಪುಸ್ತಕದಿಂದ ಕಲಿತಿರಲಾರಳು. ಹಾಗಾದರೆ ಕಾದಂಬರಿಕಾರರೇ ನನ್ನ ಅಜ್ಜಿಯಂಥವರ ಬಾಯಿಂದ ಕಥೆ ಎತ್ತಿಕೊಂಡು ತಮ್ಮದೆಂದು ಅಚ್ಚು ಹಾಕಿಸಿದ್ದಾರೆ. ನನ್ನ ತರ್ಕ ಇಷ್ಟೇ ಇತ್ತು, ಮತ್ತು ಅದರಲ್ಲಿ ನನಗೆ ಬಿರುಕು ಕಂಡಿರಲಿಲ್ಲ.

ಒಂದು ಸಲ ಸಿಂಧನೂರಿನ ಸಭೆಗೆ ಮುದಗಲ್ ಹತ್ತಿರದ ಹಳ್ಳಿಯಿಂದ ರೈತರೊಬ್ಬರು ಬಂದಿದ್ದರು. ಹಣೆಗೆ ವಿಭೂತಿ, ತಲೆಗೆ ಬಿಳಿ ರುಮಾಲು. ತಮ್ಮ ಹೊಲದಲ್ಲಿ ಹೆಣ್ಣಿನ ಆಕಾರ ಕೊರೆದ ಕಲ್ಲೊಂದಿದೆ, ಊರಿನವರು ಅದಕ್ಕೆ ಸೋರೆಬುರುಡೆಯಲ್ಲಿ ನೀರೆರೆದು ಕೈಮುಗಿಯುತ್ತಾರೆ ಎಂದರು.

“ಹೊನ್ನವ್ವ ನಮ್ಮ ಮನೆತನದ ಹೆಣ್ಮಗಳ್ರಿ. ನೀವು ಒಂದು ಮಾತು ಹೌದು ಅಂದ್ರ ಕಲ್ಲಿಗೊಂದು ಕಟ್ಟಿ ಕಟ್ಟಸ್ತೀವಿ.”

“ಆ ಕಲ್ಲು ಹೊನ್ನವ್ವಂದು ಅಂತ ಯಾವಾಗಿಂದ ಅನ್ನಾಕತ್ತೀರಿ?” ಎಂದು ಕಾದಂಬರಿಕಾರರು ಕೇಳಿದರು.

“ಮೊದಲಿಂದ್ರಿ.”

“ಮೊದಲಂದ್ರ? ಪುಸ್ತಕ ಬರೋಕಿಂತ ಮೊದಲೋ, ಬಂದ ಮ್ಯಾಲಿನ ಮೊದಲೋ?”

ಕೆಳಗೆ ಚೀಲ ಎತ್ತುವವರಿಗೂ ಕೇಳಿಸುವಷ್ಟು ನಗೆ. ರೈತರ ಮುಖ ಸಣ್ಣದಾಯಿತು. ಆಗ ಕಾದಂಬರಿಕಾರರು ನಗೆ ನಿಲ್ಲುವವರೆಗೆ ಕಾದು ಹೇಳಿದರು: “ಸಿಟ್ಟಾಗಬ್ಯಾಡ್ರಿ. ಹೊನ್ನವ್ವ ಇದ್ದಿಲ್ಲ. ಆಕಿನ್ನ ನಾ ಹುಟ್ಟಿಸೀನಿ.” ಕಿವಿ ಅಲ್ಲಾಡಿತು. ನಾನು ಕಣ್ಣಾರೆ ಕಂಡೆ.

ಸಂಜೆಯ ಲಿಂಗಸುಗೂರು ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತೆ. ನಾನು ಮಸ್ಕಿಯಲ್ಲಿ ಇಳಿಯಬೇಕು. ಬಸ್ಸು ಗೊರೇಬಾಳದ ಗದ್ದೆಗಳನ್ನು ದಾಟಿತು. ಆಮೇಲೆ ತಡೆಯಲಾರದೆ ಹೇಳಿಬಿಟ್ಟೆ: “ಹೊನ್ನವ್ವನ್ನ ನೀವು ಹುಟ್ಟಿಸಿಲ್ರಿ ಸರ. ನಮ್ಮ ಅಜ್ಜಿ ಹೇಳ್ತಿದ್ಲು ಆ ಕತಿ. ಆಕಿಗೆ ಓದಾಕ ಬರ್ತಿದ್ದಿಲ್ಲ.”

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. “ಯಾವೂರು ನಿಮ್ಮ ಅಜ್ಜಿ?”

“ಮುದಗಲ್.”

“ಮುದಗಲ್ಲಾಗ ಎಲ್ಲಿ?”

“ಗಿರಣಿ ಓಣ್ಯಾಗ.”

“ಹಂಗಾದ್ರ ಕೆಲಸ ಕೆಟ್ತು,” ಎಂದು ಟವೆಲಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ತಮ್ಮ ಕೆಲಸದ ರೀತಿ ಹೇಳಿದರು. ಅದನ್ನು ಯಾವ ಸಭೆಯಲ್ಲೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅಧ್ಯಾಯ ಮುಗಿದ ಕೂಡಲೇ ಅವರು ಅಚ್ಚಿಗೆ ಕೊಡುತ್ತಿರಲಿಲ್ಲ. ಮುದಗಲ್ಲಿಗೆ ಒಯ್ದು ಹಿಟ್ಟಿನ ಗಿರಣಿಯಲ್ಲಿ ಓದುತ್ತಿದ್ದರು. ಕರೆಂಟು ಹೋಗುವುದನ್ನೇ ಕಾಯುತ್ತಿದ್ದರಂತೆ. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಜೋಳದ ಡಬ್ಬಿ ತಂದ ಹೆಂಗಸರು ಎದ್ದು ಹೋಗುವಂತಿಲ್ಲ, ಪಾಳಿ ತಪ್ಪುತ್ತದೆ. “ಅದಕ್ಕಿಂತ ಖರೇ ಓದುಗರು ಎಲ್ಲಿ ಸಿಗ್ತಾರ ತಂಗಿ? ಕರೆಂಟ್ ಬಂದ ಮ್ಯಾಲೆ ‘ನನ್ನ ಪಾಳಿ, ನನ್ನ ಪಾಳಿ’ ಅಂತ ಎದ್ರೋ, ಅಧ್ಯಾಯ ಹರದು ಹಾಕ್ತಿದ್ದೆ. ‘ತಡ್ಯೋ ಯಪ್ಪಾ, ಈಗ ಗಿರಣಿ ಚಾಲೂ ಮಾಡಬ್ಯಾಡ’ ಅಂದ್ರೋ, ಪಾಸು.”

“ಹೊನ್ನವ್ವಂದೂ ಓದಿದ್ರೇನು?”

“ಓದಿದ್ದೆ. ಅದರಾಗ ಆಕಿನ್ನ ಸಾಯಿಸಿದ್ದೆ. ಬಾಣ ಬಡದು ಬಾವಿ ದಂಡಿ ಮ್ಯಾಲೆ ಬಿದ್ಲು ಅಂತ. ಅಷ್ಟರಾಗ ಕರೆಂಟ್ ಬಂತು. ಯಾರೂ ಪಾಳಿ ಅನ್ನಲಿಲ್ಲ. ಒಬ್ಬಾಕಿ ಮಾತ್ರ ಎದ್ದು ತನ್ನ ಡಬ್ಬಿ ಒಯ್ದು ಬಾಗಲದಾಗ ಇಟ್ಟು, ಅದರ ಮ್ಯಾಲೆ ಕುಂತ್ಲು. ‘ಆಕಿನ್ನ ಸಾಯಿಸಿ ನೀ ಹೆಂಗ ಮನಿಗೆ ಹೊಕ್ಕಿ, ನೋಡ್ತೀನಿ’ ಅಂದ್ಲು. ‘ಇತಿಹಾಸ ಬೇ ಯವ್ವಾ, ನಾ ಏನ್ ಮಾಡ್ಲಿ’ ಅಂದೆ. ‘ಬರದಾಂವ ನೀ, ಇತಿಹಾಸದ ಮ್ಯಾಲೆ ಯಾಕ ಹಾಕ್ತಿ?’ ಅಂದ್ಲು. ಏಳಲೇ ಇಲ್ಲ. ‘ಬದುಕಸ್ತೀನಿ’ ಅಂತ ಮಾತು ಕೊಟ್ಟ ಮ್ಯಾಲೇ ದಾರಿ ಬಿಟ್ಟಳು. ‘ಎಲ್ಲಿಗೆ ಕಳಸ್ಲಿ?’ ಅಂತ ಕೇಳಿದ್ದಕ್ಕ ‘ಮಸ್ಕಿಗೆ ಕಳಸು, ನನ್ನ ಮಗಳ್ನ ಅಲ್ಲೇ ಕೊಟ್ಟೀನಿ’ ಅಂದ್ಲು.”

ನನ್ನ ತಾಯಿಯನ್ನು ಮಸ್ಕಿಗೇ ಕೊಟ್ಟಿದ್ದು.

“ಆಕಿ ಮುಖ ನೆನಪೈತೇನ್ರಿ?”

“ಗಿರಣ್ಯಾಗ ಯಾರ ಮುಖ ಕಾಣ್ತೈತಿ? ಎಲ್ಲಾರ ಮುಖಕ್ಕೂ ಹಿಟ್ಟು.”

ನಾನು ಅವರ ಕಿವಿಯನ್ನೇ ನೋಡುತ್ತಿದ್ದೆ. ಅಲ್ಲಾಡುತ್ತಿತ್ತು. ಆದರೆ ಆ ರಸ್ತೆಯಲ್ಲಿ ಕಿಟಕಿಯ ಗಾಜು, ಮುಂದಿನ ಸೀಟು, ಕಂಡಕ್ಟರ್, ನನ್ನ ಹಲ್ಲು ಎಲ್ಲವೂ ಅಲ್ಲಾಡುತ್ತಿದ್ದವು.

ಮಸ್ಕಿಯಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ಸಂತೋಷ ಕರಗಿ ಗುಮಾನಿ ಮೇಲೆದ್ದಿತ್ತು. ಗಿರಣಿ ಓಣಿ ಎಂದು ಮೊದಲು ಬಾಯಿಬಿಟ್ಟವಳು ನಾನೇ. ನಾನು ಮಸ್ಕಿಯವಳೆಂದು ಅವರಿಗೆ ಗೊತ್ತೇ ಇತ್ತು. ಇಷ್ಟು ಸಾಮಗ್ರಿ ಕೊಟ್ಟರೆ ಅವರು ಬಸ್ಸು ಗೇರು ಬದಲಿಸುವುದರೊಳಗೆ ಒಂದು ಅಧ್ಯಾಯ ಕಟ್ಟಬಲ್ಲರು. ಅಜ್ಜಿಯನ್ನು ನೆನಪಿಸಿಕೊಂಡೆ. ತಲೆ ಬಾಚುತ್ತ ಕಥೆ ಹೇಳುವ ಅಜ್ಜಿಯ ಹುಬ್ಬು ಬೆಳ್ಳಗಿತ್ತು. ವಯಸ್ಸಿಗೋ, ಹಿಟ್ಟಿಗೋ? ಅದಕ್ಕಿಂತ ಮುಖ್ಯವಾಗಿ, ಈ ಬಿಳಿ ಹುಬ್ಬು ಇವತ್ತು ಬಸ್ಸು ಹತ್ತುವ ಮೊದಲು ನನ್ನ ನೆನಪಿನಲ್ಲಿ ಇತ್ತೇ? ಗೊತ್ತಿಲ್ಲ. ಅವ್ವನನ್ನು ಕೇಳಿದೆ. “ಅಜ್ಜಿ ಗಿರಣಿಗೆ ಹೋಗ್ತಿದ್ಲೇನು?”

“ಗಿರಣಿಗೆ ಹೋಗದಾಕಿ ಯಾರದಾಳ ಊರಾಗ?” ಎಂದಳು ಅವ್ವ. “ಓದು ಬಾಳಾಗಿ ತಲಿ ಕೆಟ್ಟೈತಿ ನಿಂದು.”

ರಜೆಯಲ್ಲಿ ಮುದಗಲ್ಲಿಗೂ ಹೋಗಿ ಬಂದೆ. ಗಿರಣಿ ಇತ್ತು. ಹಳೆಯ ಮಾಲೀಕರು ತೀರಿಕೊಂಡಿದ್ದರು. ಮಗ ಜೋಳ ಸುರಿಯುತ್ತಲೇ ಹೇಳಿದ: “ಯಾರೋ ಒಬ್ಬರು ಬಂದು ಓದ್ತಿದ್ರಂತ ಅಪ್ಪ ಅಂತಿದ್ದರಿ. ಪುರಾಣನೋ, ಪೇಪರೋ, ನನಗ ಖೂನ ಇಲ್ಲ.” ಇತಿಹಾಸ ಓದಿದವಳಿಗೆ ಇದು ಸಾಕ್ಷಿಯಲ್ಲ. ಸಾಕ್ಷಿಯಲ್ಲ ಎಂದು ಎಸೆಯುವುದೂ ಆಗಲಿಲ್ಲ.

ಅವರ ಕೊನೆಯ ಸಭೆ ಮಸ್ಕಿಯ ಶಾಲೆಯಲ್ಲಿ ನಡೆಯಿತು. ಕೊನೆಯದೆಂದು ಆಗ ಯಾರಿಗೂ ತಿಳಿದಿರಲಿಲ್ಲ, ಅವರಿಗೆ ತಿಳಿದಿತ್ತೇನೋ. ತೀರ ಇಳಿದುಹೋಗಿದ್ದರು. ಅಂಗಿ ಬೇರೆಯವರದ್ದು ತೊಟ್ಟಂತೆ ಕಾಣುತ್ತಿತ್ತು. ಆ ರೈತರು ಮತ್ತೆ ಬಂದಿದ್ದರು. ಜನ ನಕ್ಕರೂ ಅವಮಾನವಾದರೂ ಬಿಡದ ಜಾತಿ.

“ಸರ, ಮತ್ತ ಅದ ಸವಾಲ್ರಿ. ಹೊನ್ನವ್ವ ಖರೇನ ಇದ್ದಿಲ್ಲೇನ್ರಿ? ಕೈಮುಗಿಯೋ ಮಂದಿಗೆ ನಾ ಏನು ಹೇಳ್ಲಿ?”

ಈ ಸಲ ಅವರು ತಮಾಷೆ ಮಾಡಲಿಲ್ಲ. “ಹುಟ್ಟಿಸಿದ್ದು ನಾನ. ಅದು ಖರೇ. ಆದ್ರ ನಾ ಆಕಿನ್ನ ಸಾಯಿಸಿದ್ದೆ. ಸಾಯಗೊಡದಾಕಿ ಬ್ಯಾರೆ ಒಬ್ಬಾಕಿ, ಮುದಗಲ್ಲಾಕಿ. ನೀವು ಕೈಮುಗಿಯೋದು ಬದುಕಿದ ಹೊನ್ನವ್ವಗ, ಅಂದ ಮ್ಯಾಲೆ ಆಕಿ ನನ್ನಾಕಿ ಅಲ್ಲ. ಆ ಹೆಣ್ಮಗಳ ಮೊಮ್ಮಗಳು ಇಲ್ಲೇ ಕುಂತಾಳ. ಆಕಿನ್ನ ಕೇಳ್ರಿ.” ನನ್ನತ್ತ ಕೈ ತೋರಿಸಿದರು.

ಕೋಣೆಯೆಲ್ಲ ತಿರುಗಿತು. ಕಿವಿ ನೋಡಬೇಕಾದ ಒಂದೇ ಗಳಿಗೆಯಲ್ಲಿ ನಾನು ಜನರ ಮುಖಗಳನ್ನು ನೋಡುತ್ತಿದ್ದೆ. ‘ಇದ್ದಿರಬಹುದು, ಆಧಾರ ಸಾಲದು’ ಎನ್ನಬೇಕಿತ್ತು. ನಾನು ಕಲಿತದ್ದು ಅದನ್ನೇ. ಬಾಯಿಂದ ಬಂದದ್ದು ಬೇರೆ: “ಹೌದ್ರಿ. ನಮ್ಮ ಅಜ್ಜಿ. ಸಾಯ್ಲಿಲ್ಲ, ಮಸ್ಕಿ ದಾರಿ ಹಿಡದ್ಲು ಅಂತ ಹೇಳ್ತಿದ್ಲು.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅಜ್ಜಿ ಹೇಳುತ್ತಿದ್ದದ್ದು ನಿಜ. ಆದರೂ ಕೂತ ಮೇಲೆ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತೂಗಿ ನೋಡಿದೆ. ಈ ಮನುಷ್ಯ ನನ್ನ ಅಜ್ಜಿಯನ್ನು ನನಗೆ ಹಿಂದಿರುಗಿಸಿದರೋ, ಇಲ್ಲ, ಬಿಡದೆ ಕಾಡುವ ಪ್ರಶ್ನೆಯಿಂದ ಪಾರಾಗಲು ಅವಳನ್ನೂ ಒಂದು ಪಾತ್ರ ಮಾಡಿಬಿಟ್ಟರೋ? ಮುಂದಿನ ಸಭೆಯಲ್ಲಿ ಎಲ್ಲರೆದುರು ಕೇಳುವುದೆಂದು ನಿರ್ಧರಿಸಿದೆ.

ಮುಂದಿನ ಸಭೆ ಇರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಲಿಂಗಸುಗೂರಿನಲ್ಲಿ ತೀರಿಕೊಂಡರು. ಮಣ್ಣು ಕೊಡುವಾಗ ಹೋಗಿದ್ದೆ. ಸಿಂಧನೂರಿನ ಓದುಗರು ಬಂದಿದ್ದರು. ಮುದಗಲ್ಲಿನ ಬಸ್ಸಿನಲ್ಲಿ ಬಂದಿಳಿದ ಮುದುಕಿಯರ ಗುಂಪೊಂದನ್ನೂ ನೋಡಿದೆ. ಇವರನ್ನು ಎಲ್ಲಿ ಬಲ್ಲಿರಿ ಎಂದು ಕೇಳಲು ಹೆಜ್ಜೆ ಮುಂದಿಟ್ಟವಳು ನಿಂತುಬಿಟ್ಟೆ. ಅವರು ‘ಗಿರಣ್ಯಾಗ’ ಎಂದರೂ ಕಷ್ಟ, ಬೇರೆ ಏನೆಂದರೂ ಕಷ್ಟ. ಅಳುವವರನ್ನು ಸಾಕ್ಷಿ ಕೇಳುವುದು ಆ ಹೊತ್ತಿಗೆ ಸರಿಯೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಕೆಲವು ದಿನಗಳ ಮೇಲೆ ಆ ರೈತರು ನಮ್ಮ ಮನೆ ಹುಡುಕಿಕೊಂಡು ಬಂದರು. ಹೊನ್ನವ್ವನ ಕಲ್ಲಿಗೆ ಕಟ್ಟೆ ಕಟ್ಟಿಸುತ್ತಿದ್ದಾರಂತೆ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು, ಸ್ವಲ್ಪ ಸಂಕೋಚದಿಂದ ಕೇಳಿದರು: “ಅಕ್ಕಾರ, ನಿಮ್ಮ ಅಜ್ಜಿ ಹೆಸರೇನ್ರಿ? ಸಾಯಗೊಡಲಿಲ್ಲ ಅಂದ್ರಲ್ಲ. ಆಕಿದೂ ಒಂದು ಹೆಸರು ಕೆತ್ತಸ್ತೀವಿ.”

ನನಗೆ ಖಾತ್ರಿಯಿಲ್ಲ ಎನ್ನಲು ಬಾಯಿ ತೆರೆದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಹೆಸರು ಹೇಳಿದೆ. ಮರೆಯಬಾರದೆಂದು ಅವರು ಅದನ್ನು ತಮ್ಮಷ್ಟಕ್ಕೆ ಮತ್ತೆ ಮತ್ತೆ ಹೇಳಿಕೊಂಡರು. ನಮ್ಮ ಮನೆಯಾಚೆ ಯಾರಾದರೂ ಅಜ್ಜಿಯ ಹೆಸರೇನೆಂದು ಕೇಳಿದ್ದು, ನನಗೆ ತಿಳಿದಂತೆ, ಅದೇ ಮೊದಲು.